ಟಾಪ್‌ಸ್ಪಿನ್ ಬೇಕು, ಮೊಣಕೈಯೂ ಉಳಿಯಬೇಕು: ಒಂದು ರ‍್ಯಾಕೆಟ್ ಆಯ್ಕೆಯ ಪ್ರಕರಣ ಅಧ್ಯಯನ

ಈ ಟೆನಿಸ್ ಆಟಗಾರ್ತಿಗೆ 44 ವರ್ಷ. ವಾರಕ್ಕೆ ಮೂರು ದಿನ, ದಿನಕ್ಕೆ ಒಂದೂವರೆ ಗಂಟೆ ಆಟ. ಹೆಚ್ಚಿನ ಪಾಲು ಡಬಲ್ಸ್, ನಡುನಡುವೆ ಸಿಂಗಲ್ಸ್. ಬಲಗೈ ಆಟ, ಫೋರ್‌ಹ್ಯಾಂಡ್‌ಗೆ ಸೆಮಿ ವೆಸ್ಟರ್ನ್ ಹಿಡಿತ, ಬ್ಯಾಕ್‌ಹ್ಯಾಂಡ್ ಒಂಟಿಗೈಯದು. ಹತ್ತು ವರ್ಷ ಒಂದೇ ಹಳೆಯ ರ‍್ಯಾಕೆಟ್‌ನಲ್ಲಿ ಆಡಿದ್ದರು: 305 ಗ್ರಾಂ, ಮೆತ್ತನೆ ಬಾಗುವ ಫ್ರೇಮ್, ಮಲ್ಟಿಫಿಲಮೆಂಟ್ ಸ್ಟ್ರಿಂಗ್ (ಸಣ್ಣ ನಾರುಗಳನ್ನು ಕೂಡಿಸಿ ಮಾಡಿದ ಮೆತ್ತನೆಯ ಎಳೆ). ಆಗ ಮೊಣಕೈ ಬಗ್ಗೆ ಯೋಚಿಸುವ ಅಗತ್ಯವೇ ಬಿದ್ದಿರಲಿಲ್ಲ. ಆದರೆ ಚೆಂಡು ಚಪ್ಪಟೆಯಾಗಿ ಹೋಗುತ್ತಿತ್ತು, ನೆಟ್‌ಗೆ ಬಡಿಯುತ್ತಿತ್ತು. ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವಂತೆ ಸುತ್ತಿ ಬೇಗ ಕೆಳಗಿಳಿಯುವ ತಿರುಗು, ಹೆಚ್ಚಬೇಕೆಂದು ಎಂಟು ತಿಂಗಳ ಹಿಂದೆ ರ‍್ಯಾಕೆಟ್ ಬದಲಿಸಿದರು. ಮೊದಲ ತಿಂಗಳು ಹಬ್ಬ. ಚೆಂಡು ನೆಟ್‌ನ ಮೇಲೆ ಒಂದು ಮೀಟರ್ ಎತ್ತರದಲ್ಲಿ ಹಾರಿ, ಬೇಸ್‌ಲೈನ್‌ಗೆ ಮೊದಲೇ ಧುಮುಕುತ್ತಿತ್ತು. ಏಳನೇ ವಾರಕ್ಕೆ ಬಲ ಮೊಣಕೈಯ ಹೊರಬದಿಯಲ್ಲಿ ಚುಳುಕು ಶುರುವಾಯಿತು. ನಾಲ್ಕನೇ ತಿಂಗಳಿಗೆ ಬಾಗಿಲ ಹಿಡಿ ತಿರುಗಿಸುವುದೂ, ನೀರು ತುಂಬಿದ ಪಾತ್ರೆ ಎತ್ತುವುದೂ ಕಷ್ಟವಾಯಿತು.

ಅವರು ತಂದ ಪ್ರಶ್ನೆ ಒಂದೇ: ಟಾಪ್‌ಸ್ಪಿನ್ ಬಿಟ್ಟು ಹಳೆಯ ರ‍್ಯಾಕೆಟ್‌ಗೆ ಮರಳಬೇಕೇ, ಇಲ್ಲ ನೋವು ನುಂಗಿಕೊಂಡು ಆಡಬೇಕೇ? ಪ್ರಶ್ನೆಯಲ್ಲೇ ತಪ್ಪಿದೆ. ಸ್ಪಿನ್ ಮತ್ತು ಕೈಯ ಆರಾಮ ತಕ್ಕಡಿಯ ಎರಡು ತಟ್ಟೆಗಳಲ್ಲ. ಇವರ ವಿಷಯದಲ್ಲಂತೂ ಎರಡನ್ನೂ ಕೆಡಿಸುತ್ತಿದ್ದದ್ದು ಒಂದೇ ವಸ್ತು, ಅದೂ ಫ್ರೇಮ್ ಅಲ್ಲ.

ಕೈಯಲ್ಲಿದ್ದದ್ದು ಏನು

ಮಾತಿಗಿಂತ ಮೊದಲು ಅಳತೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಅಳತೆ ಟೇಪು, ಮೇಜಿನ ಅಂಚಿಗೆ ಅಂಟಿಸಿದ ಒಂದು ಪೆನ್ಸಿಲ್ ಇದ್ದರೆ ಸಾಕು. ಪೆನ್ಸಿಲ್ ಮೇಲೆ ರ‍್ಯಾಕೆಟ್ ಅತ್ತಿತ್ತ ವಾಲದೆ ನಿಲ್ಲುವ ಜಾಗ ಹುಡುಕಿ, ಹಿಡಿಯ ತುದಿಯಿಂದ ಅಲ್ಲಿಗೆ ಎಷ್ಟು ಮಿಲಿಮೀಟರ್ ಎಂದು ಅಳೆದರೆ ಅದೇ ಬ್ಯಾಲೆನ್ಸ್.

ಖಾಲಿ ಫ್ರೇಮ್ 285 ಗ್ರಾಂ. ಸ್ಟ್ರಿಂಗ್, ಓವರ್‌ಗ್ರಿಪ್ (ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿ), ಡ್ಯಾಂಪನರ್ (ಎಳೆಗಳ ನಡುವೆ ಸಿಕ್ಕಿಸುವ ರಬ್ಬರ್ ತುಂಡು) ಸೇರಿ 307 ಗ್ರಾಂ, ಬ್ಯಾಲೆನ್ಸ್ 336 ಮಿ.ಮೀ. ತಲೆ 100 ಚದರ ಇಂಚು, ಎಳೆಗಳ ವಿನ್ಯಾಸ 16×19, ಅಂದರೆ ಉದ್ದಕ್ಕೆ 16 ಎಳೆ, ಅಡ್ಡಕ್ಕೆ 19. ಫ್ರೇಮ್‌ನ ಬಿಗಿತ ಆರ್‌ಎ 71. ಈ ಸಂಖ್ಯೆ ಫ್ರೇಮನ್ನು ಯಂತ್ರದಲ್ಲಿಟ್ಟು ಎಷ್ಟು ಬಾಗುತ್ತದೆಂದು ನೋಡಿ ಕೊಡುವಂಥದ್ದು. 60ಕ್ಕಿಂತ ಕಡಿಮೆಯಿದ್ದರೆ ಮೆತ್ತನೆಯ ಫ್ರೇಮ್, 61ರಿಂದ 66 ನಡುಮಟ್ಟ, 68 ದಾಟಿದರೆ ಬಿಗಿ ಎಂದು ಓದಿಕೊಳ್ಳಬಹುದು. ಸ್ಟ್ರಿಂಗ್ ಹಾಕಿದ ಮೇಲೆ ಅದೇ ಫ್ರೇಮ್ ಎರಡು ಮೂರು ಅಂಕ ಕಡಿಮೆ ತೋರಿಸುತ್ತದೆ. ಹಾಗಾಗಿ ಎರಡು ಫ್ರೇಮ್ ಹೋಲಿಸುವಾಗ ಎರಡೂ ಖಾಲಿಯಾಗಿದ್ದಾಗಿನ ಅಂಕ ಹಿಡಿಯಬೇಕು, ಇಲ್ಲವೇ ಎರಡೂ ಸ್ಟ್ರಿಂಗ್ ಹಾಕಿದಾಗಿನದು.

ಸ್ಟ್ರಿಂಗ್ ಪೂರ್ತಿ ಪಾಲಿಯೆಸ್ಟರ್, 1.25 ಮಿ.ಮೀ. ದಪ್ಪ, 54 ಪೌಂಡ್ ಅಂದರೆ 24.5 ಕಿ.ಗ್ರಾಂ ಟೆನ್ಷನ್ (ಎಳೆಯನ್ನು ಬಿಗಿದ ಬಲ). ಹಾಕಿಸಿ ಐದು ತಿಂಗಳಾಗಿತ್ತು. ಯಾಕೆ ಬದಲಿಸಿಲ್ಲ ಎಂದರೆ, ತುಂಡಾಗಿಲ್ಲವಲ್ಲ ಎಂಬ ಉತ್ತರ.

ಹಿಡಿಯ ಅಳತೆ 1ನೇ ನಂಬರ್, ಅಂದರೆ ಸುತ್ತಳತೆ ಸುಮಾರು 105 ಮಿ.ಮೀ. ಸಣ್ಣ ಹಿಡಿಯಿದ್ದರೆ ಮಣಿಕಟ್ಟು ಸಲೀಸಾಗಿ ಆಡುತ್ತದೆ, ಸ್ಪಿನ್ ಹೆಚ್ಚುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಂಗೈಯ ನಡುಗೆರೆಯಿಂದ ಉಂಗುರ ಬೆರಳಿನ ತುದಿಯವರೆಗೆ ಅಳೆದಾಗ 109 ಮಿ.ಮೀ. ಬಂತು. ಅವರಿಗೆ ಹೊಂದುವುದು 108 ಮಿ.ಮೀ.ನ 2ನೇ ನಂಬರ್, ಮೇಲೊಂದು ಓವರ್‌ಗ್ರಿಪ್. ಒಂದು ಓವರ್‌ಗ್ರಿಪ್ ಹೆಚ್ಚುಕಡಿಮೆ ಅರ್ಧ ನಂಬರ್ ಕೂಡಿಸುತ್ತದೆ. ಹಿಡಿ ಸಣ್ಣದಾದರೆ ರ‍್ಯಾಕೆಟ್ ಕೈಯಲ್ಲಿ ತಿರುಗದಂತೆ ಬೆರಳುಗಳು ಹೆಚ್ಚು ಬಿಗಿಹಿಡಿಯುತ್ತವೆ. ಹಾಗೆ ಬಿಗಿಹಿಡಿಯುವಾಗ ಮಣಿಕಟ್ಟನ್ನು ನೆಟ್ಟಗೆ ನಿಲ್ಲಿಸುವ ಕೆಲಸ ಮುಂಗೈಯ ಹೊರಬದಿಯ ಸ್ನಾಯುಗಳದ್ದು; ಅವು ಅಂಟಿಕೊಂಡಿರುವುದು ಇವರಿಗೆ ನೋಯುತ್ತಿದ್ದ ಜಾಗಕ್ಕೇ.

ನೋವು ಯಾವ ಬದಿ

ಇದನ್ನು ಕೇಳದೆ ರ‍್ಯಾಕೆಟ್ ಸಲಹೆ ಕೊಡುವುದು ತಪ್ಪು. ಮೊಣಕೈಯ ಹೊರಬದಿಯ ನೋವಿಗೆ ಟೆನಿಸ್ ಎಲ್ಬೋ ಎನ್ನುತ್ತಾರೆ. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳ ಸ್ನಾಯುರಜ್ಜು ಅಲ್ಲಿ ಬಳಲಿರುತ್ತದೆ. ಒಂಟಿಗೈ ಬ್ಯಾಕ್‌ಹ್ಯಾಂಡ್ ಇರುವವರಿಗೆ ಇದು ಹೆಚ್ಚು. ಒಳಬದಿಯ ನೋವು ಬೇರೆ ಬಗೆಯದು. ಅದು ಸರ್ವ್‌ನಿಂದ, ಮಣಿಕಟ್ಟನ್ನು ಹೆಚ್ಚು ಮಡಚಿ ಹೊಡೆಯುವ ಫೋರ್‌ಹ್ಯಾಂಡ್‌ನಿಂದ ಬರುತ್ತದೆ. ಇನ್ನು ಕಿರುಬೆರಳ ಬದಿಯ ಮಣಿಕಟ್ಟು ನೋಯುತ್ತಿದ್ದರೆ ಫ್ರೇಮ್‌ಗಿಂತ ಮೊದಲು ಹಿಡಿತವನ್ನು ನೋಡಬೇಕು. ಬೆರಳುಗಳಲ್ಲಿ ಜೋಮು, ರಾತ್ರಿ ನಿದ್ದೆ ಕೆಡಿಸುವ ನೋವು ಇದ್ದರೆ ರ‍್ಯಾಕೆಟ್ ಮಾತು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು.

ಇವರದು ಹೊರಬದಿ. ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ಖಚಿತಪಡಿಸಿದರು, ಮೂರು ವಾರ ಆಟ ನಿಲ್ಲಿಸಿ ವ್ಯಾಯಾಮ ಕೊಟ್ಟರು: ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ 1 ಕಿ.ಗ್ರಾಂ ಡಂಬೆಲ್ ಹಿಡಿದು, ಎಡಗೈ ನೆರವಿನಿಂದ ಎತ್ತಿ, ಬಲಗೈಯಿಂದ ಮಾತ್ರ ನಿಧಾನವಾಗಿ ಇಳಿಸುವುದು. 15ರಂತೆ ಮೂರು ಸುತ್ತು. ವ್ಯಾಯಾಮವಿಲ್ಲದೆ ಬರೀ ರ‍್ಯಾಕೆಟ್ ಬದಲಿಸಿದ್ದರೆ ಸ್ನಾಯುರಜ್ಜು ಚೇತರಿಸಿಕೊಳ್ಳುತ್ತಿರಲಿಲ್ಲ. ಸಲಕರಣೆ ಹೊರೆ ಇಳಿಸಬಹುದು, ಗಾಯ ಮಾಗಿಸಲಾರದು.

ಸ್ಪಿನ್ ಹುಟ್ಟುವ ಜಾಗ

ಮೂರು ವಾರ ಆಟ ನಿಂತಿದ್ದಾಗ ಸ್ಪಿನ್ ಎಲ್ಲಿಂದ ಬರುತ್ತದೆ ಎಂಬುದನ್ನು ಬಿಡಿಸಿ ನೋಡಲು ಸಮಯ ಸಿಕ್ಕಿತು.

ಮೊದಲನೆಯದು ಬೀಸು. ರ‍್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಎಷ್ಟು ಕಡಿದಾಗಿ, ಎಷ್ಟು ವೇಗವಾಗಿ ಏರುತ್ತದೆ ಎಂಬುದರ ಮೇಲೆ ಸ್ಪಿನ್‌ನ ದೊಡ್ಡ ಪಾಲು ನಿಂತಿದೆ. ಎರಡನೆಯದು ಸ್ಟ್ರಿಂಗ್. ನೇಯ್ಗೆಯ ಹಾಸು ಹೊಕ್ಕಿನಂತೆ ರ‍್ಯಾಕೆಟ್‌ನಲ್ಲೂ ಉದ್ದ ಎಳೆ, ಅಡ್ಡ ಎಳೆಗಳಿವೆ. ಚೆಂಡು ಸ್ಟ್ರಿಂಗ್ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡ್. ಅಷ್ಟರಲ್ಲಿ ಮೇಲಕ್ಕೆ ಉಜ್ಜುವ ಹೊಡೆತಕ್ಕೆ ಉದ್ದ ಎಳೆಗಳು ಅಡ್ಡ ಎಳೆಗಳ ಮೇಲೆ ಪಕ್ಕಕ್ಕೆ ಜಾರುತ್ತವೆ. ಚೆಂಡು ಬಿಟ್ಟು ಹೋಗುವ ಮುನ್ನ ಬಿಲ್ಲಿನ ಹೆದೆಯಂತೆ ಮರಳಿ ಚಿಮ್ಮಿ, ಚೆಂಡನ್ನು ಇನ್ನಷ್ಟು ತಿರುಗಿಸುತ್ತವೆ. ಎಳೆ ಜಾರಬೇಕು, ಮರಳಬೇಕು. ಎರಡರಲ್ಲಿ ಒಂದು ತಪ್ಪಿದರೂ ಸ್ಪಿನ್ ಕುಗ್ಗುತ್ತದೆ.

ಎಳೆಗಳ ಈ ಚಲನೆಯ ಬಲ ಎಷ್ಟೆಂಬುದಕ್ಕೆ ಟೆನಿಸ್ ಇತಿಹಾಸದಲ್ಲೇ ಸಾಕ್ಷಿಯಿದೆ. 1977ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಎಕ್ಸಾಂಪ್ರೊವಾನ್ಸ್‌ನಲ್ಲಿ ರೊಮೇನಿಯಾದ ಇಲಿ ನಾಸ್ತಾಸೆ ‘ಸ್ಪಾಗೆಟ್ಟಿ’ ರ‍್ಯಾಕೆಟ್ ಹಿಡಿದು ಅರ್ಜೆಂಟೀನಾದ ಗಿಲ್ಲೆರ್ಮೊ ವಿಲಾಸ್ ವಿರುದ್ಧ ಇಳಿದರು. ಅದರಲ್ಲಿ ಉದ್ದ ಎಳೆಗಳು ಎರಡು ಪದರ. ಅಡ್ಡ ಎಳೆಗಳೊಡನೆ ಹೆಣೆದುಕೊಂಡಿರದೆ ಸ್ವತಂತ್ರವಾಗಿ ಜಾರುತ್ತಿದ್ದವು. ಎರಡು ಸೆಟ್ ಕಳೆದುಕೊಂಡ ವಿಲಾಸ್ ಆಟ ಬಿಟ್ಟು ಹೊರನಡೆದರು. ಮಣ್ಣಿನ ಅಂಕಣದಲ್ಲಿ ಅವರ ದೀರ್ಘ ಗೆಲುವಿನ ಸರಣಿ ಅಲ್ಲಿಗೆ ಮುರಿಯಿತು. ಅದೇ ತಿಂಗಳು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಆ ಬಗೆಯ ರ‍್ಯಾಕೆಟ್‌ಗೆ ತಾತ್ಕಾಲಿಕ ತಡೆ ಹಾಕಿತು, 1978ರಲ್ಲಿ ನಿಯಮವನ್ನೇ ಬರೆಯಿತು. ಅವತ್ತು ಸ್ಪಿನ್ ಹುಟ್ಟಿಸಿದ್ದು ಬಿಗಿ ಫ್ರೇಮ್ ಅಲ್ಲ. ಆ ಕಾಲದ ಫ್ರೇಮ್‌ಗಳು ಇವತ್ತಿನವುಗಳ ಮುಂದೆ ತೀರಾ ಮೆತ್ತನೆಯವು.

ಪಾಲಿಯೆಸ್ಟರ್ ಗೆದ್ದದ್ದೂ ಇದೇ ಗುಣದಿಂದ. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕುಯೆರ್ಟೆನ್ ಲುಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಹಾಕಿಸಿಕೊಂಡು ಫ್ರೆಂಚ್ ಓಪನ್ ಗೆದ್ದ ಮೇಲೆ ಇಡೀ ವೃತ್ತಿಪರ ಆಟ ಅತ್ತ ಹೊರಳಿತು. ನುಣುಪಾದ ಗಟ್ಟಿ ಎಳೆ ಚೆನ್ನಾಗಿ ಜಾರುತ್ತದೆ, ಚೆನ್ನಾಗಿ ಮರಳುತ್ತದೆ. ಆದರೆ ಆ ಆಟಗಾರರು ಪ್ರತಿ ಪಂದ್ಯಕ್ಕೂ ಹೊಸ ಸ್ಟ್ರಿಂಗ್ ಹಾಕಿಸುತ್ತಾರೆ. ಐದು ತಿಂಗಳು ಹಳೆಯದಾದ ಪಾಲಿಯ ಕಥೆ ಬೇರೆ. ಹಾಕಿದ ಮೊದಲ ದಿನವೇ ಟೆನ್ಷನ್ ಗಣನೀಯವಾಗಿ ಇಳಿಯುತ್ತದೆ; ಹತ್ತು ಹದಿನೈದು ಗಂಟೆಗಳ ಆಟದ ಮೇಲೆ ಎಳೆ ಪುಟಿಯುವುದನ್ನೇ ಮರೆಯುತ್ತದೆ. ಎಳೆಗಳು ಕೂಡುವಲ್ಲಿ ಒಂದು ಇನ್ನೊಂದನ್ನು ಕೊರೆದು ಗೀರು ಬೀಳುತ್ತದೆ, ಜಾರಿದ ಎಳೆ ಆ ಗೀರಿನಲ್ಲಿ ಸಿಕ್ಕಿಬಿದ್ದು ಮರಳುವುದಿಲ್ಲ. ಇವರ ರ‍್ಯಾಕೆಟ್‌ನ ನಡುಭಾಗದ ಉದ್ದ ಎಳೆಯೊಂದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಬಿಟ್ಟಾಗ ಅದು ತಳ್ಳಿದಲ್ಲೇ ನಿಂತಿತು. ಹೊಸ ಪಾಲಿಯಾಗಿದ್ದರೆ ಟಕ್ಕೆಂದು ಜಾಗಕ್ಕೆ ಮರಳುತ್ತಿತ್ತು.

ಅಂದರೆ ಸ್ಪಿನ್‌ಗಾಗಿ ಹಾಕಿಸಿದ ಸ್ಟ್ರಿಂಗ್ ಸ್ಪಿನ್ ಕೊಡುವುದನ್ನು ನಿಲ್ಲಿಸಿ ತಿಂಗಳುಗಳೇ ಆಗಿದ್ದವು. ಕೊರತೆ ತುಂಬಲು ಅವರು ಜೋರಾಗಿ ಬೀಸುತ್ತಿದ್ದರು. ಆ ಹೆಚ್ಚುವರಿ ಹೊರೆ ಮೊಣಕೈಗೆ ಹೋಗುತ್ತಿತ್ತು.

ಸ್ಪಿನ್ ಎಣಿಸುವ ಬಗೆ

‘ಸ್ಪಿನ್ ಹೆಚ್ಚಾದ ಹಾಗಿದೆ’ ಎಂಬ ಮಾತಿನ ಮೇಲೆ ರ‍್ಯಾಕೆಟ್ ಆಯ್ದುಕೊಳ್ಳಬಾರದು. ಮೊಬೈಲ್‌ನಲ್ಲೇ ಎಣಿಸಬಹುದು. ಚೆಂಡಿನ ಸುತ್ತ ದಪ್ಪ ಕಪ್ಪು ಮಾರ್ಕರ್‌ನಿಂದ ಉಡಿದಾರದ ಹಾಗೆ ಒಂದು ಗೆರೆ, ಒಂದು ಬದಿಯಲ್ಲಿ ಮಾತ್ರ ಒಂದು ಚುಕ್ಕೆ. ಮೊಬೈಲನ್ನು ಅಂಕಣದ ಪಕ್ಕ, ಹೊಡೆತದ ಜಾಗದಿಂದ ಒಂದೆರಡು ಮೀಟರ್ ಮುಂದೆ ನಿಲ್ಲಿಸಿ, ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಷನ್ (ಇಲ್ಲಿ ಫ್ರೇಮ್ ಎಂದರೆ ವಿಡಿಯೊದ ಒಂದೊಂದು ಚಿತ್ರ). ಚುಕ್ಕೆ ಮೂರು ಸುತ್ತು ಬರಲು ಎಷ್ಟು ಫ್ರೇಮ್ ಹಿಡಿಯಿತೆಂದು ಎಣಿಸಿ ಮೂರರಿಂದ ಭಾಗಿಸಿ, 14,400ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. ಬೆಳಕು ಚೆನ್ನಾಗಿರಬೇಕು, ಇಲ್ಲದಿದ್ದರೆ ಚುಕ್ಕೆ ಮಸುಕಾಗುತ್ತದೆ.

ಒಬ್ಬರೇ ಕೈಯಿಂದ ಎಸೆದುಕೊಟ್ಟ 20 ಚೆಂಡು, ಫೋರ್‌ಹ್ಯಾಂಡ್, ಕ್ರಾಸ್‌ಕೋರ್ಟ್. ಹಳೆಯ ಪಾಲಿಯಿದ್ದಾಗಿನ ಒಂದು ವಿಡಿಯೊ ಇವರ ಬಳಿ ಮೊದಲೇ ಇತ್ತು. ಅದರಲ್ಲಿ ಮೂರು ಸುತ್ತಿಗೆ ಸರಾಸರಿ 34 ಫ್ರೇಮ್, ಅಂದರೆ ನಿಮಿಷಕ್ಕೆ ಸುಮಾರು 1,270 ಸುತ್ತು. ಈ ಅಂಕಿಯೇ ಮುಂದಿನ ಎಲ್ಲ ಹೋಲಿಕೆಗೆ ಆಧಾರ.

ಫ್ರೇಮ್ ಮುಟ್ಟದೆ ಸ್ಟ್ರಿಂಗ್ ಬದಲು

ಒಮ್ಮೆಗೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಹಿಡಿಯನ್ನು ಮಾತ್ರ ವಿಶ್ರಾಂತಿಯ ವಾರಗಳಲ್ಲೇ ಸರಿಪಡಿಸಲಾಯಿತು: ಮೂಲ ಗ್ರಿಪ್ ಅಡಿಯಲ್ಲಿ ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕವಚ ಹಾಕಿ ದಪ್ಪ ಹೆಚ್ಚಿಸಿದ್ದು.

ನಾಲ್ಕನೇ ವಾರ ಅದೇ 285 ಗ್ರಾಂ ಫ್ರೇಮ್‌ಗೆ 1.30 ಮಿ.ಮೀ. ಮಲ್ಟಿಫಿಲಮೆಂಟ್, 52 ಪೌಂಡ್ (23.6 ಕಿ.ಗ್ರಾಂ). ಸರ್ವಿಸ್ ಬಾಕ್ಸ್ ಒಳಗೆ 20 ನಿಮಿಷದ ಮಿನಿ ಟೆನಿಸ್‌ನಿಂದ ಆರಂಭ. ಮರುದಿನ ಬೆಳಗ್ಗೆ ನೋವಿಗೆ 10ಕ್ಕೆ ಎಷ್ಟು ಅಂಕ ಎಂದು ಬರೆದಿಡಬೇಕು. 3 ದಾಟಿದರೆ ಮುಂದಿನ ಸರದಿ ಅರ್ಧಕ್ಕೆ ಇಳಿಯಬೇಕು. ಎರಡು ವಾರದಲ್ಲಿ ಬೆಳಗಿನ ಅಂಕ 4ರಿಂದ 2ಕ್ಕೆ ಬಂತು. ಕೈಗೆ ಹಿತ. ಆದರೆ ಚೆಂಡು ಬೇಸ್‌ಲೈನ್ ದಾಟಿ ಹಾರತೊಡಗಿತು. ಮಲ್ಟಿಯ ಎಳೆ ಮೆತ್ತಗೆ, ಮೇಲ್ಮೈ ತುಸು ಅಂಟು, ಜಾರಿದ್ದು ಮರಳುವುದಿಲ್ಲ. ಪ್ರತಿ ಪಾಯಿಂಟ್ ಮುಗಿದ ಮೇಲೆ ಬೆರಳಿನಿಂದ ಎಳೆ ಸರಿಪಡಿಸಿಕೊಳ್ಳಬೇಕಾಗುತ್ತಿತ್ತು.

ಇಲ್ಲಿಯೇ ಬಹಳ ಜನ ಸೋತು ಪೂರ್ತಿ ಪಾಲಿಗೆ ಮರಳುತ್ತಾರೆ. ನಡುವೆ ಮಿಶ್ರ ಸ್ಟ್ರಿಂಗ್ ಎಂಬ ದಾರಿಯಿದೆ, ಅದರಲ್ಲೂ ಎರಡು ಕವಲು. ಉದ್ದಕ್ಕೆ ಪಾಲಿ, ಅಡ್ಡಕ್ಕೆ ಮಲ್ಟಿ ಹಾಕಿಸಿದರೆ ಮೊದಲ ಕೆಲವು ಗಂಟೆ ಸ್ಪಿನ್ ಸೊಗಸು. ಆಮೇಲೆ ಗಟ್ಟಿ ಪಾಲಿ ಮೆತ್ತನೆಯ ಅಡ್ಡ ಎಳೆಯನ್ನು ಕೊರೆದು ಅದರೊಳಗೇ ಕೂತುಬಿಡುತ್ತದೆ. ಕೈಗೆ ಮುಟ್ಟುವ ಅನುಭವವನ್ನು ನಿರ್ಧರಿಸುವುದೂ ಹೆಚ್ಚಾಗಿ ಉದ್ದ ಎಳೆಗಳೇ, ಹಾಗಾಗಿ ಆರಾಮವೂ ಅರ್ಧಮರ್ಧ. ಇನ್ನೊಂದು ಕವಲು ತಿರುಗುಮುರುಗು: ಉದ್ದಕ್ಕೆ ನ್ಯಾಚುರಲ್ ಗಟ್ (ದನದ ಕರುಳಿನ ನಾರಿನ ಎಳೆ), ಅಡ್ಡಕ್ಕೆ ನುಣುಪಾದ ದುಂಡನೆಯ ಪಾಲಿ. ರೋಜರ್ ಫೆಡರರ್ ಹಲವು ವರ್ಷ ಗಟ್ ಉದ್ದಕ್ಕೂ ಪಾಲಿ ಅಡ್ಡಕ್ಕೂ ಇಟ್ಟುಕೊಂಡೇ ಆಡಿದರು. ಗಟ್ ಎಲ್ಲ ಸ್ಟ್ರಿಂಗ್‌ಗಳಲ್ಲಿ ಮೆತ್ತನೆಯದು, ಟೆನ್ಷನ್ ಹಿಡಿದಿಟ್ಟುಕೊಳ್ಳುವುದರಲ್ಲೂ ಮುಂದು. ನುಣ್ಣನೆಯ ಪಾಲಿ ಮೇಲೆ ಅದು ಎಣ್ಣೆ ಹಚ್ಚಿದಂತೆ ಜಾರಿ ಮರಳುತ್ತದೆ.

ಆಯ್ಕೆಯಾದದ್ದು ಎರಡನೆಯದು: ಗಟ್ 1.30 ಮಿ.ಮೀ. 52 ಪೌಂಡ್, ಪಾಲಿ 1.25 ಮಿ.ಮೀ. 48 ಪೌಂಡ್ (21.8 ಕಿ.ಗ್ರಾಂ). ಅಡ್ಡ ಎಳೆಗೆ ಚೌಕ, ಐದು ಮೂಲೆ, ಒರಟು ಮೈಯ ಪಾಲಿ ಬೇಡವೇ ಬೇಡ. ಚೆಂಡನ್ನು ಕಚ್ಚಿ ಹಿಡಿಯುತ್ತದೆಂದು ಅದನ್ನು ಕೊಂಡವರು, ಅದು ಗಟ್ಟನ್ನು ಗರಗಸದಂತೆ ಕೊಯ್ಯುವುದನ್ನು ನೋಡಬೇಕಾಗುತ್ತದೆ. ಎಳೆಗಳ ನಡುವಿನ ಉಜ್ಜಾಟ ಹೆಚ್ಚಿದಷ್ಟೂ ಮರಳಿ ಚಿಮ್ಮುವ ಶಕ್ತಿ ಕಡಿಮೆ ಎಂಬುದೂ ನೆನಪಿರಲಿ. ಗಟ್‌ಗೆ ತೇವ ಆಗದು. ಮಳೆ ಹನಿಯಿಟ್ಟರೆ ಬೇರೆ ರ‍್ಯಾಕೆಟ್ ತೆಗೆಯಬೇಕು.

20 ಚೆಂಡಿನ ಎಣಿಕೆಯಲ್ಲಿ ಮೂರು ಸುತ್ತಿಗೆ 30 ವಿಡಿಯೊ ಫ್ರೇಮ್, ನಿಮಿಷಕ್ಕೆ 1,440. ಅದೇ ರ‍್ಯಾಕೆಟ್, ಅದೇ ಬೀಸು. ಸತ್ತ ಪಾಲಿಗಿಂತ ಸ್ಪಿನ್ ಹೆಚ್ಚು, ಬೆಳಗಿನ ನೋವಿನ ಅಂಕ 2ರಲ್ಲೇ ನಿಂತಿತ್ತು.

ಟೆನ್ಷನ್ ಕುರಿತು ಒಂದು ಎಚ್ಚರ. ಒಂದು ಯಂತ್ರದ 52 ಇನ್ನೊಂದರ 52 ಅಲ್ಲ. ಎಳೆದು ಅಲ್ಲಿಗೇ ಲಾಕ್ ಆಗುವ ಕೈ ತಿರುಗಣೆಯ ಯಂತ್ರಗಳಲ್ಲಿ, ಸತತವಾಗಿ ಎಳೆದುಕೊಂಡೇ ಇರುವ ವಿದ್ಯುತ್ ಯಂತ್ರಗಳಿಗಿಂತ ಸ್ಟ್ರಿಂಗ್ ಸಡಿಲವಾಗಿ ಕೂರುತ್ತದೆ. ಒಬ್ಬರೇ ಸ್ಟ್ರಿಂಗರ್, ಒಂದೇ ಯಂತ್ರ ಇಟ್ಟುಕೊಂಡು, ಬದಲಿಸುವುದಿದ್ದರೆ ಎರಡೆರಡು ಪೌಂಡ್ ಮಾತ್ರ ಬದಲಿಸಬೇಕು.

ಮೂರು ಫ್ರೇಮ್, ಒಂದೇ ಸ್ಟ್ರಿಂಗ್

ಇಷ್ಟಾದ ಮೇಲೂ ಫ್ರೇಮ್ ಬದಲಿಸುವ ಅಗತ್ಯವಿತ್ತೇ? ಇತ್ತು. ಎರಡನೇ ಗಂಟೆಯ ಆಟದಲ್ಲಿ, ವಿಶೇಷವಾಗಿ ವಾಲಿ (ಚೆಂಡು ನೆಲಕ್ಕೆ ಪುಟಿಯುವ ಮೊದಲೇ ಹೊಡೆಯುವುದು) ಮತ್ತು ರಿಟರ್ನ್‌ನಲ್ಲಿ ಚೆಂಡು ನಡುವಿನಿಂದ ಆಚೀಚೆ ತಗುಲಿದಾಗ ಚುಳುಕು ಮರಳುತ್ತಿತ್ತು. ಎದುರಿನಿಂದ ವೇಗವಾಗಿ ಬರುವ 57 ಗ್ರಾಂನ ಚೆಂಡಿಗೆ ಹಗುರ ರ‍್ಯಾಕೆಟ್ ಹಿಂಜರಿಯುತ್ತದೆ, ತಿರುಚುತ್ತದೆ. ಅದನ್ನು ತಡೆದು ನಿಲ್ಲಿಸುವುದು ಮುಂಗೈ. ಹಗುರವಿದ್ದರೆ ಕೈಗೆ ಸುಖ ಎಂಬ ನಂಬಿಕೆ ಅಂಗಡಿಯಲ್ಲಿ ಗಾಳಿಗೆ ಬೀಸಿ ನೋಡುವಾಗ ಮಾತ್ರ ನಿಜ.

ಪರೀಕ್ಷೆಗೆ ಮೂರು ಫ್ರೇಮ್ ತರಿಸಿದ್ದು. ಮೂರೂ 100 ಚದರ ಇಂಚು, ಮೂರೂ 16×19. ತಲೆ 95ಕ್ಕೆ ಇಳಿದರೆ, ಕಡಿದಾಗಿ ಉಜ್ಜುವ ಬೀಸಿನಲ್ಲಿ ಚೆಂಡು ಫ್ರೇಮ್ ಅಂಚಿಗೆ ಬಡಿಯುವುದು ಹೆಚ್ಚು. 18×20 ದಟ್ಟ ವಿನ್ಯಾಸದಲ್ಲಿ ಎಳೆ ಜಾರಲು ಜಾಗ ಕಡಿಮೆ. ಈ ಎರಡನ್ನೂ ಕಾಗದದ ಮೇಲೇ ಬಿಟ್ಟದ್ದು. ಅಂಗಡಿಯ ಡೆಮೊ ರ‍್ಯಾಕೆಟ್‌ನಲ್ಲಿ ಇರುವ ಸ್ಟ್ರಿಂಗ್ ಯಾವುದು, ಎಷ್ಟು ಹಳೆಯದು ಯಾರಿಗೂ ಗೊತ್ತಿರುವುದಿಲ್ಲ. ಹಾಗೇ ಆಡಿದರೆ ನೀವು ಪರೀಕ್ಷಿಸುವುದು ಸ್ಟ್ರಿಂಗನ್ನೇ ಹೊರತು ಫ್ರೇಮನ್ನಲ್ಲ. ಆದ್ದರಿಂದ ಮೂರಕ್ಕೂ ಅದೇ ಗಟ್ ಮತ್ತು ಪಾಲಿ, ಅದೇ ಟೆನ್ಷನ್. ಖರ್ಚಿನ ಕೆಲಸವೇ. ಆಗದಿದ್ದರೆ ಮೂರಕ್ಕೂ ಒಂದೇ ಸಾಧಾರಣ ಸಿಂಥೆಟಿಕ್ ಗಟ್ ಹಾಕಿಸಿದರೂ ಹೋಲಿಕೆ ನ್ಯಾಯವಾಗಿರುತ್ತದೆ.

ಮೊದಲನೆಯದು 300 ಗ್ರಾಂ, ಆರ್‌ಎ 70, ನಡುವೆ 26 ಮಿ.ಮೀ. ದಪ್ಪದ ‘ಸ್ಪಿನ್ ಫ್ರೇಮ್’. ಚೆಂಡು ಆಳಕ್ಕೆ ತಾನಾಗಿ ಹೋಗುತ್ತದೆ, ಎಣಿಕೆ 29 ವಿಡಿಯೊ ಫ್ರೇಮ್. ಮೂರನೇ ಸರದಿಯ ಮರುದಿನ ನೋವು 3. ಎರಡನೆಯದು 295 ಗ್ರಾಂ, ಆರ್‌ಎ 55. ಈ ಬಗೆಗೆ ಹೆಸರಾದದ್ದು 2019ರಲ್ಲಿ ಬಂದ ವಿಲ್ಸನ್ ಕ್ಲಾಶ್. ನೋವು 1. ಚೆಂಡು ಮಾತ್ರ ಇವರು ಅಂದಾಜಿಸಿದ್ದಕ್ಕಿಂತ ಎತ್ತರಕ್ಕೆ ಎದ್ದು ಹೋಗುತ್ತಿತ್ತು, ತಗುಲಿದ್ದು ನಡುವಿಗೋ ಅಂಚಿಗೋ ಎಂಬುದು ಕೈಗೆ ತಿಳಿಯುತ್ತಿರಲಿಲ್ಲ. ಮೂರನೆಯದು 300 ಗ್ರಾಂ, ಆರ್‌ಎ 63, ಬ್ಯಾಲೆನ್ಸ್ 320 ಮಿ.ಮೀ. ಎಣಿಕೆ 30, ನೋವು 1.

ಸ್ಪಿನ್ ಎಣಿಕೆಯಲ್ಲಿ ಮೂರರ ನಡುವೆ ಒಂದೆರಡು ವಿಡಿಯೊ ಫ್ರೇಮ್‌ನ ವ್ಯತ್ಯಾಸ. ಅದು 20 ಚೆಂಡುಗಳೊಳಗಿನ ಏರಿಳಿತಕ್ಕಿಂತ ಕಡಿಮೆ. ಸ್ಪಿನ್ ಹೆಸರಲ್ಲಿ ಬಿಗಿ ಫ್ರೇಮ್ ಕೊಳ್ಳಲು ಈ ಅಂಕಿಗಳಲ್ಲಿ ಕಾರಣ ಸಿಗುವುದಿಲ್ಲ. ನೋವು ಜೋರಿದ್ದವರಿಗೆ ಎರಡನೆಯದನ್ನೇ ಹೇಳಬೇಕು. ಇವರು ಚೇತರಿಸಿಕೊಳ್ಳುತ್ತಿದ್ದರು, ವಾಲಿ ಹೆಚ್ಚು ಆಡುವವರು, ಕೈಗೆ ಸುಳಿವು ಬೇಕಾದವರು. ಮೂರನೆಯದು ನಿಂತಿತು.

ತೂಕ ಅಂಟಿಸುವಾಗ ಆದ ತಪ್ಪು

ವಾಲಿಯಲ್ಲಿ ಇನ್ನೂ ತುಸು ತಿರುಚುತ್ತಿದೆ ಎಂದಾಗ ಸೀಸದ ಟೇಪ್ ತಂದದ್ದು. 6 ಮಿ.ಮೀ. ಅಗಲದ ಟೇಪ್ ಸುಮಾರು 10 ಸೆ.ಮೀ. ಉದ್ದಕ್ಕೆ 1 ಗ್ರಾಂ. ಮೊದಲು 4 ಗ್ರಾಂ ಅನ್ನು ತಲೆಯ ತುದಿಗೆ, ಗಡಿಯಾರದ 12ರ ಜಾಗಕ್ಕೆ ಅಂಟಿಸಲಾಯಿತು. ತಪ್ಪು ಹೆಜ್ಜೆ. ಬೀಸುತೂಕವನ್ನು, ಅಂದರೆ ಬೀಸುವಾಗ ಎಷ್ಟು ಭಾರವೆನಿಸುತ್ತದೆಂದು ಹೇಳುವ ಸ್ವಿಂಗ್‌ವೇಟನ್ನು, ಹಿಡಿಯ ತುದಿಯಿಂದ 10 ಸೆ.ಮೀ. ಮೇಲಿನ ಬಿಂದುವಿನಿಂದ ಲೆಕ್ಕ ಹಾಕುತ್ತಾರೆ. 12ರ ಜಾಗ ಅಲ್ಲಿಂದ 58 ಸೆ.ಮೀ. ದೂರ. ದೂರದ ವರ್ಗಕ್ಕೆ ತೂಕ ಗುಣಿಸಿದರೆ 4 ಗ್ರಾಂ ಒಂದೇ ಏಟಿಗೆ 13 ಅಂಕ ಏರಿಸುತ್ತದೆ. 319 ಇದ್ದದ್ದು 332 ಆಯಿತು. ಬ್ಯಾಕ್‌ಹ್ಯಾಂಡ್ ತಡವಾಗತೊಡಗಿತು. ಚೆಂಡು ಮುಂದಿನ ಕಾಲಿನ ಮುಂದೆ ಸಿಗಬೇಕಾದದ್ದು ಸೊಂಟದ ಪಕ್ಕ ಸಿಗುತ್ತಿತ್ತು, ಮಣಿಕಟ್ಟು ಮಡಚಿ ಮೊಣಕೈ ಮುಂದಾಗುತ್ತಿತ್ತು. ಒಂದು ವಾರದಲ್ಲಿ ಬೆಳಗಿನ ಅಂಕ 1ರಿಂದ 3.

ಟೇಪ್ ಕಿತ್ತು, 3 ಮತ್ತು 9ರ ಜಾಗಕ್ಕೆ ತಲಾ 2 ಗ್ರಾಂ. ಅಲ್ಲಿಂದ ಅದೇ ಬಿಂದುವಿಗೆ ದೂರ ಸುಮಾರು 43 ಸೆ.ಮೀ., ಆದ್ದರಿಂದ ಏರಿಕೆ 7 ಅಂಕ ಮಾತ್ರ, 326. ತಿರುಚುವಿಕೆಯನ್ನು ತಡೆಯುವುದೂ ಈ ಪಕ್ಕದ ತೂಕವೇ. ನಡುಗೆರೆಯ ಮೇಲೇ ಕೂರುವ 12ರ ಜಾಗದ ತೂಕ ಆ ಕೆಲಸ ಮಾಡುವುದಿಲ್ಲ. ಮೂಲ ಗ್ರಿಪ್ ಬಿಚ್ಚಿ ಹಿಡಿಯ 10 ಸೆ.ಮೀ. ಎತ್ತರದಲ್ಲಿ ಇನ್ನೊಂದು 4 ಗ್ರಾಂ ಸುತ್ತಿದ್ದು. ಅದು ಬೀಸುತೂಕವನ್ನು ಮುಟ್ಟುವುದಿಲ್ಲ. ಸೀಸ ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮಕ್ಕಳ ಕೈಗೆ ಸಿಗುವ ಕಡೆ ಟಂಗ್‌ಸ್ಟನ್ ಟೇಪ್ ಒಳ್ಳೆಯದು.

ಕೊನೆಗೆ ಒಟ್ಟು 329 ಗ್ರಾಂ, ಬ್ಯಾಲೆನ್ಸ್ 326 ಮಿ.ಮೀ. ನೋವು ತಂದಿದ್ದ ರ‍್ಯಾಕೆಟ್‌ಗಿಂತ 22 ಗ್ರಾಂ ಹೆಚ್ಚು. ಆದರೂ ಕೈಗೆ ಭಾರವೆನಿಸಲಿಲ್ಲ, ಅದಕ್ಕೆ ಲೆಕ್ಕವಿದೆ. ಹಿಡಿದ ಜಾಗದಿಂದ (ಹಿಡಿಯ ತುದಿಯಿಂದ 10 ಸೆ.ಮೀ. ಮೇಲೆ) ತೂಕದ ಬಿಂದುವಿಗೆ ಇರುವ ದೂರವನ್ನು ತೂಕಕ್ಕೆ ಗುಣಿಸಿ ನೋಡಿ: ಅದಕ್ಕೆ 307×23.6, ಹೊಸದಕ್ಕೆ 329×22.6. ಎರಡರ ನಡುವಿನ ಅಂತರ ಶೇ 3ರೊಳಗೆ. ಹೆಚ್ಚಿದ ತೂಕದ ಬಹುಪಾಲು ಕೈಯ ಹತ್ತಿರ ಕೂತಿದೆ.

ಡ್ಯಾಂಪನರ್ ಈ ಲೆಕ್ಕದಲ್ಲಿಲ್ಲ. ಅದು ಸ್ಟ್ರಿಂಗ್‌ನ ಟಿಂಗ್ ಎಂಬ ಸದ್ದನ್ನಷ್ಟೇ ನಿಲ್ಲಿಸುತ್ತದೆ. ಮೊಣಕೈಗೆ ಹೋಗುವ ಆಘಾತ ಫ್ರೇಮ್ ಮೂಲಕ ಹೋಗುತ್ತದೆ, ಆ ಎರಡು ಗ್ರಾಂ ರಬ್ಬರ್ ಅದನ್ನು ತಡೆಯಲಾರದು. ಸದ್ದು ಹಿಡಿಸದಿದ್ದರೆ ಹಾಕಿಕೊಳ್ಳಿ, ನೋವಿಗೆ ಮದ್ದೆಂದು ಬೇಡ.

ಹನ್ನೆರಡನೇ ವಾರ

ಬೆಳಗಿನ ನೋವು 0ಯಿಂದ 1. ವಾರಕ್ಕೆ ಮೂರು ದಿನದ ಪೂರ್ತಿ ಆಟ ಮರಳಿತ್ತು. ಸ್ಪಿನ್ ಎಣಿಕೆ 26 ಫ್ರೇಮ್, ನಿಮಿಷಕ್ಕೆ 1,660. ಈ ಕೊನೆಯ ಏರಿಕೆಯ ಶ್ರೇಯ ರ‍್ಯಾಕೆಟ್‌ಗೆ ಸಲ್ಲದು. ಹತ್ತನೇ ವಾರದಿಂದ ತರಬೇತುದಾರರ ಜೊತೆ ಒಂದೇ ಅಭ್ಯಾಸ ನಡೆದಿತ್ತು: ಚೆಂಡು ತಗುಲುವ ಮುನ್ನ ರ‍್ಯಾಕೆಟ್‌ನ ತಲೆಯನ್ನು ಚೆಂಡಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಬಿಡುವುದು. ಸತ್ತ ಪಾಲಿ ತೆಗೆದಾಗ 170 ಸುತ್ತು ಹೆಚ್ಚಿತ್ತು, ಬೀಸು ತಿದ್ದಿದಾಗ 200ಕ್ಕೂ ಹೆಚ್ಚು.

ಬಗೆಹರಿಯದೆ ಉಳಿದದ್ದು ಒಂದಿದೆ. ಭುಜದೆತ್ತರಕ್ಕೆ ಪುಟಿದು ಬರುವ ಚೆಂಡಿಗೆ ಒಂಟಿಗೈ ಬ್ಯಾಕ್‌ಹ್ಯಾಂಡ್ ಹೊಡೆದಾಗ ಈಗಲೂ ಸಣ್ಣ ಎಳೆತ ಬರುತ್ತದೆ. ಅದಕ್ಕೆ ಫ್ರೇಮ್‌ನಲ್ಲಿ ಉತ್ತರವಿಲ್ಲ. ಸದ್ಯ ಆ ಚೆಂಡಿಗೆ ಸ್ಲೈಸ್ (ಮೇಲಿನಿಂದ ಕೆಳಕ್ಕೆ ಕೊಯ್ದಂತೆ ಹೊಡೆಯುವುದು) ಆಡುತ್ತಿದ್ದಾರೆ.

ಸ್ಟ್ರಿಂಗ್ ಯಾವಾಗ ಬದಲಿಸಬೇಕೆಂಬುದಕ್ಕೂ ಈಗ ಅಳತೆಯಿದೆ. ಹಾಕಿಸಿದ 24 ಗಂಟೆ ಬಿಟ್ಟು, ಡ್ಯಾಂಪನರ್ ತೆಗೆದು, ಪೆನ್ಸಿಲ್‌ನಿಂದ ಸ್ಟ್ರಿಂಗ್ ತಟ್ಟಿ, ಸದ್ದಿನ ಆವರ್ತನವನ್ನು ಮೊಬೈಲ್ ಆ್ಯಪ್‌ನಲ್ಲಿ ನೋಡಿ ಬರೆದಿಡುವುದು. ಮೊದಲ ದಿನ 560 ಹರ್ಟ್ಸ್ ಇದ್ದದ್ದು 520ಕ್ಕೆ ಇಳಿದರೆ ಬಿಗಿತ ಶೇ 14ರಷ್ಟು ಹೋಗಿದೆ ಎಂದರ್ಥ, ಏಕೆಂದರೆ ಬಿಗಿತ ಆವರ್ತನದ ವರ್ಗಕ್ಕೆ ಅನುಗುಣ. ಅಷ್ಟರೊಳಗೆ ಗಟ್ ನಾರುನಾರಾಗಿ ಬಿಚ್ಚಿಕೊಂಡರೆ, ಅಥವಾ ಬೆರಳಿನಿಂದ ತಳ್ಳಿದ ಎಳೆ ಮರಳದಿದ್ದರೆ, ಸಂಖ್ಯೆ ಏನೇ ಹೇಳಲಿ ಬದಲಿಸಬೇಕು.

ಅದೇ ಮಾದರಿಯ ಎರಡನೇ ಫ್ರೇಮ್ ಕೊಂಡಾಗ ಅದು 296 ಗ್ರಾಂ ತೂಗಿತು, ಬ್ಯಾಲೆನ್ಸ್ 323 ಮಿ.ಮೀ. ಒಂದೇ ಕಾರ್ಖಾನೆಯ ಎರಡು ಫ್ರೇಮ್‌ಗಳ ನಡುವೆ ಇಷ್ಟು ಅಂತರ ಸಾಮಾನ್ಯ. ಮೊದಲನೆಯದಕ್ಕೆ 300×32.0, ಅಂದರೆ 9,600, ಇದಕ್ಕೆ 296×32.3, ಅಂದರೆ 9,561. ಕೊರತೆ 39, ಅದನ್ನು 4 ಗ್ರಾಂನಿಂದ ಭಾಗಿಸಿದರೆ 9.8 ಸೆ.ಮೀ. ಹಿಡಿಯ ತುದಿಯಿಂದ ಅಷ್ಟು ಎತ್ತರದಲ್ಲಿ 4 ಗ್ರಾಂ ಸೀಸ ಸುತ್ತಿ, ಗ್ರಿಪ್ ಮರಳಿ ಹಾಕಿ, ಪೆನ್ಸಿಲ್ ಮೇಲಿಟ್ಟಾಗ ಅದೂ 320ಕ್ಕೆ ನಿಂತಿತು. ಅದಾದ ಮೇಲೆಯೇ 3 ಮತ್ತು 9ರ ಟೇಪ್, ಹಿಡಿಯ ಇನ್ನೊಂದು 4 ಗ್ರಾಂ, ಕೊನೆಗೆ ಸ್ಟ್ರಿಂಗ್.